ಬಿಲ್ಲೆ ಇಲ್ಲದ ಹೆಗಲು

ಹಮಾಲರ ಟೋಳಿಯ ಮುಖ್ಯಸ್ಥ ವಾಸು ಎತ್ತರ ನೋಡಿ ತನ್ನವರನ್ನು ಚಟ್ಟದ ನಾಲ್ಕು ಮೂಲೆಗೆ ನಿಲ್ಲಿಸುತ್ತಿದ್ದ. ಸೈದಪ್ಪ ನಡುವೆ ನುಗ್ಗಿ ಎಡಗಡೆ ಮುಂದಿನ ಬಿದಿರು ಹಿಡಿದ.

“ನೀವು ಬೇಡ ಮಾರಾಯ್ರೆ. ಟೋಳಿಯವ ಸತ್ತರೆ ಬಿಲ್ಲೆ ಇದ್ದವರೇ ಹೊರುವುದು.”

“ಹೆಣಾ ಹೊರಾಕೂ ಬಿಲ್ಲಿ ಬೇಕೇನು?”

ಕಲ್ಯಾಣದ ಆ ಚಾಳಿನ ಮುಂದೆ ಮೂವತ್ತು ಜನ ಹಮಾಲರು ನಿಂತಿದ್ದರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಲಾರಿ ತುಂಬುವುದನ್ನು ನಿಲ್ಲಿಸಿ ಬಂದವರು. ಎಲ್ಲರ ತೋಳಲ್ಲೂ ಹಿತ್ತಾಳೆ ಬಿಲ್ಲೆ. ಸತ್ತ ಯಂಕಪ್ಪನ ತೋಳಿಗೂ ಕಟ್ಟಿದ್ದರು. ನಾನು ಸತ್ತರೆ ಒಂದು ಕೈಗಾಡಿಯೂ ನಿಲ್ಲುವುದಿಲ್ಲ ಎಂದುಕೊಂಡ ಸೈದಪ್ಪನಿಗೆ ಹೆಣದ ಮೇಲೂ ಹೊಟ್ಟೆ ಉರಿಯಿತು.

*

೨೦೦೩ರವರೆಗೆ ಸೈದಪ್ಪ, ಯಂಕಪ್ಪ ಇಬ್ಬರದೂ ಜೋಡಿ. ಒಂದೇ ಎತ್ತರ. ಇಬ್ಬರೂ ಬಿದಿರಿಗೆ ಹೆಗಲು ಕೊಟ್ಟರೆ ಯಂತ್ರದ ಪೆಟ್ಟಿಗೆ ಒಂದಿಷ್ಟೂ ವಾಲುತ್ತಿರಲಿಲ್ಲ. ಸರ್ಕಾರದ ಹಮಾಲರ ಮಂಡಳಿಯವರು ಹೆಸರು ಬರೆದುಕೊಳ್ಳಲು ಬಂದ ದಿನ, ಫೋಟೊ ಕೊಟ್ಟವನಿಗೆ ನಾಳೆಯಿಂದ ಕೆಲಸವಿಲ್ಲ ಎಂದು ಗುತ್ತಿಗೆದಾರ ಹೆದರಿಸಿದ.

“ಬಾರಲೇ ಸೈದ್ಯಾ, ಇಬ್ರೂ ಕೊಡೂಣು.”

“ನಾಳಿನ ರೊಟ್ಟಿ ನಿಮ್ಮಪ್ಪ ಕೊಡ್ತಾನೇನು?”

ಯಂಕಪ್ಪ ಒಬ್ಬನೇ ಸಾಲಿನಲ್ಲಿ ನಿಂತ. ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದ. ಆಮೇಲೆ ಮಂಡಳಿಯಿಂದಲೇ ಬಿಲ್ಲೆ, ಪಗಾರ, ಪಿಎಫ್, ಆಸ್ಪತ್ರೆ. ಕಲ್ಯಾಣದಲ್ಲಿ ಸ್ವಂತ ಖೋಲಿ. ಮಗ ಸುನಿಲ ಡಿಪ್ಲೊಮಾ ಮುಗಿಸಿ ಐರೋಲಿಯ ಕಂಪನಿ ಸೇರಿದ. ಸೈದಪ್ಪ ಅದೇ ರಸ್ತೆಯಲ್ಲಿ ಅಂಥದೇ ಭಾರ ಹೊತ್ತು ತಗಡಿನ ಶೆಡ್ಡಿನಲ್ಲೇ ಉಳಿದ. ಬಿಲ್ಲೆ ಇಲ್ಲದವನು ಟೋಳಿಯ ಹೊರೆ ಮುಟ್ಟುವಂತಿರಲಿಲ್ಲ. ಹನ್ನೊಂದು ವರ್ಷ ಇಬ್ಬರೂ ಒಂದೇ ಬಿದಿರಿಗೆ ಹೆಗಲು ಕೊಡಲಿಲ್ಲ.

*

“ಕೈ ತೆಗೀರಿ,” ವಾಸು ದನಿ ಏರಿಸಿದ.

ಬಾಗಿಲಲ್ಲಿ ಕುಳಿತಿದ್ದ ಯಂಕಪ್ಪನ ಹೆಂಡತಿ ಸಾಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ವಾಸಣ್ಣ, ಅವರ ಜೋಡಿ ಅಂದ್ರ ಇವರ. ಜಡ್ಡಿನ್ಯಾಗೂ, ಸೈದ್ಯಾ ಬಂದಾನೇನು ಅಂತ ಕೇಳ್ತಿದ್ರು.”

ಸೈದಪ್ಪ ಒಮ್ಮೆಯೂ ಬಂದಿರಲಿಲ್ಲ.

ಬೆಂಕಿಯ ಮಡಕೆ ಹಿಡಿದಿದ್ದ ಸುನಿಲ ತಿರುಗಿದ. “ಕಾಕಾ ಕೋ ಉಠಾನೇ ದೋ.”

ಕಾಕಾ ಹೊರಲಿ ಎಂದ ಮಗನ ಮಾತಿಗೆ ವಾಸು ಪಕ್ಕಕ್ಕೆ ಸರಿದ. ಚಟ್ಟ ಮೇಲೆದ್ದಿತು.

ಮೊದಲ ತಿರುವಿನಲ್ಲಿ ಹೆಗಲು ಬದಲಿಸಿದರು. ವಾಸು ಸೈದಪ್ಪನ ಬೆನ್ನು ಮುಟ್ಟಿದ. “ಸಾಕು, ದಣಿದಿದ್ದೀರಿ. ಬಿಡಿ.”

“ಹನ್ನೊಂದು ವರ್ಷ ಅವನ್ನ ನೀವ ಇಟ್ಕೊಂಡೀರಿ. ಇವತ್ತ ಕೊಡಂಗಿಲ್ಲ.”

ಸ್ಮಶಾನ ಮುಟ್ಟುವಷ್ಟರಲ್ಲಿ ಮೂರು ಮೂಲೆಯ ಹೆಗಲುಗಳು ನಾಲ್ಕು ಸಲ ಬದಲಾದವು. ಎಡಗಡೆ ಮುಂದಿನದು ಬದಲಾಗಲಿಲ್ಲ. ಹಿಂದೆ ಹಿತ್ತಾಳೆ ಬಿಲ್ಲೆಗಳು ಬಿಸಿಲಿಗೆ ಹೊಳೆಯುತ್ತ, ಬರಿಗೈಯಲ್ಲಿ ನಡೆದು ಬರುತ್ತಿದ್ದವು.