ಕಾಶಿನಾಥ ಸರ್ ಬಿದ್ದ ದಿನ

ಬೊರಿವಲಿಯ ಹೌಸಿಂಗ್ ಸೊಸೈಟಿ ಹಾಲ್‌ನಲ್ಲಿ ಆ ಭಾನುವಾರ ಮ್ಯಾಟ್ ಹಾಸಿ ಮುಗಿಸುವಷ್ಟರಲ್ಲೇ ಮಾಧುರಿಗೆ ಸುಸ್ತಾಗಿತ್ತು. ಇತ್ತೀಚೆಗೆ ಹೀಗೇ, ಕಲಿಸುವುದಕ್ಕೆ ಮುಂಚೆಯೇ ಸುಸ್ತು. ಎಡ ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಅದು ಕಾಣದಂತೆ ಜೂಡೋದ ಬಿಳಿ ಪೈಜಾಮ ಎಳೆದುಕೊಂಡು, "ಚಲೋ, ಲೈನ್ ಮೇ" ಎಂದು ಕೂಗುವಾಗ ಆ ದನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಬಾಗಿಲಲ್ಲಿ ನಿಂತ ತಾಯಂದಿರಿಗೆ ಒಂದೇ ಚಿಂತೆ: ಮಗುವಿಗೆ ಮುಂದಿನ ಬೆಲ್ಟ್ ಯಾವಾಗ?

ಒಂದು ಕಾಲಕ್ಕೆ ಈ ಬಿಳಿ ಬಟ್ಟೆ ತೊಟ್ಟರೆ ಸಾಕು, ಮೈಯಲ್ಲಿ ಏನೋ ಎದ್ದು ಕೂರುತ್ತಿತ್ತು. ಅದನ್ನು ತೊಡಿಸಿದವರು ವಡಾಲದ ಕಾಶಿನಾಥ ಸರ್. ವಿಜಯಪುರದ ಕಡೆಯವರು. ಹಗಲು ಬಂದರಿನಲ್ಲಿ ನೌಕರಿ, ಸಂಜೆ ಕಾಲನಿಯ ಹಾಲ್‌ನಲ್ಲಿ ಜೂಡೋ. ಹುಡುಗಿಗೆ ಇದೆಲ್ಲ ಯಾಕೆ ಎಂದು ಅವಳ ಅಪ್ಪ ಗೊಣಗಿದಾಗ ಸರ್ ಮನೆಗೇ ಬಂದು, ಚಹಾ ಕುಡಿದು, ಹ್ಞೂಂ ಅನ್ನಿಸಿಕೊಂಡೇ ಹೋಗಿದ್ದರು. ಮೊದಲ ಮಳೆಗಾಲವಿಡೀ ಅವರು ಕಲಿಸಿದ್ದು ಬೀಳುವುದನ್ನು ಮಾತ್ರ. ಗದ್ದ ಎದೆಗೆ, ಬೆನ್ನು ಗುಂಡಗೆ, ತೋಳಿನಿಂದ ಮ್ಯಾಟಿಗೊಂದು ಹೊಡೆತ. ಎತ್ತಿ ಒಗೆಯುವುದನ್ನು ಯಾವಾಗ ಕಲಿಸುತ್ತೀರಿ ಎಂದು ಅವಳು ಅತ್ತೇಬಿಟ್ಟಿದ್ದಳು. ಆಮೇಲೆ ಪದಕಗಳು ಬಂದವು. ಆಮೇಲೆ ಅವಳೇ ಕಲಿಸತೊಡಗಿದಳು, ಶಾಲೆಗಳಲ್ಲಿ, ಆಫೀಸುಗಳಲ್ಲಿ, ಬಿಲ್ಡಿಂಗುಗಳ ಕೆಳಗೆ. ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ತಮಾಷೆ ಮಾಡುತ್ತಾ ಮಾಡುತ್ತಾ ಐವತ್ತು ಹತ್ತಿರವಾಗಿತ್ತು.

ಕ್ಲಾಸಿನ ನಡುವೆ ಫೋನ್ ಬಂತು. ಸರ್ ಹೆಂಡತಿ ನಾಗವ್ವ.

"ಮಾಧುರಿ, ನಿಮ್ಮ ಸರ್ ಬಿದ್ದಾರವಾ. ನನಗ ಎಬ್ಬಸಾಕ ಆಗವಲ್ತು."

"ಪೆಟ್ಟಾಗೇದೇನ್ರಿ ಕಾಕೂ? ತಲಿಗೆ?"

"ಎಲ್ಲೂ ಇಲ್ಲ. ಬಾಜೂ ಮನಿಯವ್ರನ್ನ ಕರೀತೀನಂದ್ರ ಬ್ಯಾಡ ಅಂತಾರ. ನಿನ್ನ ಕರಿ ಅಂತ ಹಟ ಹಿಡದಾರ."

"ನಾ ಬೊರಿವಲಿಯೊಳಗ ಅದೀನಿ. ಬರೂದ್ರಾಗ ತಾಸಿನ ಮ್ಯಾಲ ಆಗ್ತದ. ಅಲ್ಲೀತನಕ ನೆಲದ ಮ್ಯಾಲ ಇರ್ತಾರೇನ್ರಿ?"

ಆ ಕಡೆ ಗುಸುಗುಸು ಕೇಳಿಸಿತು. "ಇರ್ತೀನಿ ಅಂತಾರ."

ಮಕ್ಕಳನ್ನು ಮನೆಗೆ ಕಳಿಸಿ, ಮುಖ ಸಿಂಡರಿಸಿದ ತಾಯಂದಿರಿಗೆ ಸಾರಿ ಹೇಳಿ ಮಾಧುರಿ ಸ್ಟೇಷನ್ನಿಗೆ ನಡೆದಳು. ಅಂಧೇರಿಯಲ್ಲಿ ಹಾರ್ಬರ್ ಲೈನಿನ ಲೋಕಲ್‌ಗೆ ಬದಲಾಯಿಸುವಾಗ ಸೇತುವೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಇಳಿದಳು. ಸರ್‌ಗೆ ಕೈಕಾಲು ನಡುಗುವ ಕಾಯಿಲೆ ಶುರುವಾಗಿ ಎರಡು ವರ್ಷ. ಈಚೆಗೆ ಅವಳು ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದಳು. ನೋಡಲಾಗುತ್ತಿರಲಿಲ್ಲ.

ಮಂಚಕ್ಕೂ ಕಪಾಟಿಗೂ ನಡುವೆ ಸರ್ ಅಂಗಾತ ಮಲಗಿದ್ದರು. ತಲೆಯ ಕೆಳಗೆ ನಾಗವ್ವ ದಿಂಬು ಇಟ್ಟಿದ್ದರು.

"ಟ್ರೇನ್ ಲೇಟ್ ಆತೇನು?" ಎಂದರು ಸರ್.

"ಬಾಜೂದವರನ್ನ ಕರದಿದ್ರ ಏನಾಗ್ತಿತ್ರಿ ಸರ್?"

"ಆ ಮನಿ ಗಂಡಸರಿಗೆಲ್ಲಾ ನಾನ ಕಲಿಸೀನಿ."

"ನನಗೂ ನೀವ ಕಲಿಸೀರಿ."



ಹಿಂದಿನಿಂದ ಅವರ ಕಂಕುಳಿಗೆ ಕೈ ಹಾಕಿ ಅವಳು ಎತ್ತಿದಳು. ಅರ್ಧ ಎದ್ದರು. ಅಷ್ಟರಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಸರ್ ಸಮೇತ ಹಿಂದಕ್ಕೆ ಕುಸಿದಳು. ಅವರ ಭಾರವೆಲ್ಲ ಅವಳ ಎದೆಯ ಮೇಲೆ ಬಂತು. ನಾಗವ್ವ "ಅಯ್ಯ ಶಿವನ" ಎಂದು ಬಾಯಿಗೆ ಸೆರಗು ಒತ್ತಿಕೊಂಡರು.



"ಮೊಣಕಾಲು ಯಾವಾಗಿಂದ?" ಬಿದ್ದಲ್ಲೇ ಸರ್ ಕೇಳಿದರು.

"ಭಾಳ ದಿನ ಆತ್ರಿ."

"ಯಾರಿಗೂ ಹೇಳಿಲ್ಲ."

"ಇಲ್ರಿ."

ಮತ್ತೆ ಎತ್ತುವ ಶಕ್ತಿ ಅವಳಲ್ಲಿರಲಿಲ್ಲ. ಹಾಗಾಗಿ ತಾವಾಗಿಯೇ ಏಳುವುದನ್ನು ಅವರಿಗೆ ಕಲಿಸಿದಳು. ಮಗ್ಗುಲಿಗೆ ಹೊರಳಿ, ಮೊಣಕೈ ಊರ್ರಿ, ಅಂಬೆಗಾಲಿಗೆ ಬರ್ರಿ, ಈಗ ಕುರ್ಚಿ ಹಿಡೀರಿ, ಗಟ್ಟಿ ಇದ್ದ ಕಾಲು ಮುಂದ. ಸರ್ ಸಿಡುಕಿದರು, ಉಸಿರು ಹಿಡಿದರು, ಒಮ್ಮೆ ಬೈದರು. ಕೊನೆಗೆ ಮಂಚದ ಮೇಲೆ ಕೂತಾಗ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು. ಅವಳು ನೆಲದ ಮೇಲೇ ಉಳಿದಳು.

"ನನಗ ಸಾಕಾಗೇದ ಸರ್," ಎಂದಳು. ಅಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಬೈಗುಳ ಬರುತ್ತದೆ ಎಂದುಕೊಂಡಳು. ಜ್ವರದಲ್ಲೂ ಕ್ಲಾಸ್ ತಪ್ಪಿಸಲು ಬಿಡದ ಮನುಷ್ಯ.

"ಸಾಕಾಗಿದ್ರ ಬಿಡು," ಎಂದರು ಸರ್. "ನಾನೂ ಬಿಡಬೇಕಿತ್ತು. ಬಿಟ್ರ ನಾ ಯಾರು ಅನ್ನೂದ ತಿಳೀಲಿಲ್ಲ. ಹಿಡಕೊಂಡ ಕೂತೆ. ಮನಿಯೊಳಗ ಈಕಿ ಒಬ್ಬಾಕಿ ಇದ್ಲು, ನನ್ನ ಕೂಡ ಒಂದು ಸಂಜಿ ಅನ್ನೂದ ಕಾಣಲಿಲ್ಲ."

ನಾಗವ್ವ ಅವಲಕ್ಕಿ ಒಗ್ಗರಣೆ ಹಾಕಲು ಒಳಗೆ ಹೋದರು.

ಮಾಧುರಿಗೆ ಹಗುರವಾಗಲಿಲ್ಲ. ಮರಳುವ ಲೋಕಲ್‌ನಲ್ಲಿ ಕೂತು ಅವಳಿಗೆ ಬಂದದ್ದು ಸಿಟ್ಟು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಕೆಲವು ವರ್ಷ ಎಳೆಯಬಹುದಿತ್ತು. ವಾರವಿಡೀ ಆ ಸಿಟ್ಟು ಇತ್ತು. ಅದು ಇಳಿದ ಮೇಲೆ ಬೊರಿವಲಿಯ ಬ್ಯಾಚನ್ನು ಬೇರೊಬ್ಬರಿಗೆ ವಹಿಸಿದಳು. ಅಂಧೇರಿಯಲ್ಲಿ ಮನೆಯ ಹತ್ತಿರದ ಹೆಂಗಸರ ಕ್ಲಾಸ್ ಒಂದನ್ನು ಉಳಿಸಿಕೊಂಡಳು. ಮೊಣಕಾಲನ್ನು ಡಾಕ್ಟರಿಗೆ ತೋರಿಸಿದಳು.

ಗುರುವಾರ ಗುರುವಾರ ಆ ಏಳುವ ಪಾಠ ಹೇಳಲು ವಡಾಲಕ್ಕೆ ಹೋಗತೊಡಗಿದಳು. ಸರ್ ಕೆಟ್ಟ ವಿದ್ಯಾರ್ಥಿ. ಅವಳು ಅತ್ತ ತಿರುಗಿದರೆ ಹೆಂಡತಿಯ ಕೈ ಹಿಡಿದು ಎದ್ದುಬಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕಾಯಿಲೆ ಮುಂದೆ ಹೋಯಿತು, ಮಂಡಿಯೂರುವುದು ಆಗದಾಯಿತು. ಇನ್ನು ಬರುವ ಕೆಲಸವಿಲ್ಲ ಎಂದು ಮಾಧುರಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾಗವ್ವ ಬಾಗಿಲಿಗೆ ಅಡ್ಡ ನಿಂತರು.

"ಅವ್ರದು ಆತು. ನನಗ ಕಲಿಸು. ನಾ ಬಿದ್ರ ಎಬ್ಬಸಾವ್ರು ಯಾರದಾರ?"

ಮಾಧುರಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಜಮಖಾನೆ ಹಾಸಿದಳು. ನಾಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಚದ ಅಂಚು ಹಿಡಿದು ಮೆಲ್ಲಗೆ ನೆಲಕ್ಕಿಳಿದರು.

"ಗದ್ದ ಎದಿಗೆ ಹಚ್ಚು," ಮಲಗಿದ್ದಲ್ಲಿಂದ ಸರ್ ಹೇಳಿದರು.

"ನೀವ ಸುಮ್ನಿರ್ರಿ," ಎಂದರು ನಾಗವ್ವ. "ಕಲಿಸಾಕಿ ಆಕಿ."