ಜೆಟ್ಟಿನೊಳಗಿನ ಕಡಲೆ ಹಿಟ್ಟು

ಕಡಲೆ ಹಿಟ್ಟನ್ನು ಶುಕ್ರವಾರದ ತೊರ್ತಾ ರೊಟ್ಟಿಗೆ ಕಲಸುವಷ್ಟು ತೆಳ್ಳಗೆ ಕಲಸಬಾರದು, ಬೆರಳಿಗೆ ಅಂಟುವ ಹಾಗಿರಬೇಕು. ಅದರಲ್ಲಿ ಇಷ್ಟೇ ಇಷ್ಟು ತೆಗೆದು ಕಾರ್ಬೊರೇಟರಿನ ಜೆಟ್ಟಿಗೆ ತುಂಬಬೇಕು. ಜೆಟ್ ಎಂದರೆ ಹಿತ್ತಾಳೆಯ ಚಿಕ್ಕ ತಿರುಪು. ನಡುವೆ ಸೂಜಿಮೊನೆಯಷ್ಟು ತೂತು, ಎಂಜಿನ್ನಿಗೆ ಪೆಟ್ರೋಲು ಹೋಗುವುದು ಅದರೊಳಗಿಂದ. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಲ್ಯಾಂಬ್ರೆಟಾ ಸ್ಕೂಟರಿಗೆ ಯಾರೇ ಕಿಕ್ ಹೊಡೆದರೂ ಅದು ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೆಕ್ಯಾನಿಕ್ ನೇದೊನ ಹೆಂಡತಿಯಾಗಿ ಇಡೀ ಬದುಕು ಕಳೆದವಳಿಗೆ ಒಂದು ಕಾರ್ಬೊರೇಟರ್ ಬಿಚ್ಚಲು ಬಾರದಿದ್ದರೆ ಅದು ನಾಚಿಕೆಗೇಡು. ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುವ ಹೊತ್ತಿಗೆ ನಾನು ಅಂಗಳಕ್ಕೆ ಇಳಿಯುತ್ತಿದ್ದೆ.

ನೇದೊನಿಗೆ ಮರೆವಿನ ಕಾಯಿಲೆ. ಲಿವೊರ್ನೊ ಬಂದರಿನ ಹಿಂದಿನ ಬೀದಿಯಲ್ಲಿದ್ದ ಅವನ ಗ್ಯಾರೇಜನ್ನು ಮಾರಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇದೆ. ಅದು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಊಟವಾದ ಕೂಡಲೇ “ಗಿರಾಕಿಗಳು ಕಾಯ್ತಿರ್ತಾರೆ” ಎಂದು ಹೊರಟುಬಿಡುತ್ತಿದ್ದ. ಚಳಿಗಾಲದಲ್ಲಿ ಒಮ್ಮೆ ಮನೆಯೊಳಗಿನ ಚಪ್ಪಲಿಯಲ್ಲೇ ಹೋಗಿ, ಸಾರ್ಡೀನಿಯಾ ದ್ವೀಪಕ್ಕೆ ಹೋಗುವ ಹಡಗು ಹತ್ತಲು ಸಾಲುಗಟ್ಟಿದ ಲಾರಿಗಳ ನಡುವೆ ನಿಂತಿದ್ದ. ಪೊಲೀಸರು ಮನೆಗೆ ಕರೆತಂದರು. ಆ ಸಂಜೆ ನಮ್ಮ ಮಗಳು ದೊನೆಲ್ಲಾ ಬಂದವಳು ಕೋಟನ್ನೂ ಬಿಚ್ಚಲಿಲ್ಲ.

“ಅಮ್ಮ, ಇನ್ನೊಂದ್ಸಲ ಹೀಗಾದ್ರೆ ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸ್ಲೇಬೇಕು. ನಿನ್ನ ಕೈಲಾಗಲ್ಲ.”

“ನಿನ್ನ ಸಾಕಿದ್ದು ಇದೇ ಕೈ ಕಣೇ. ಆಗ ಆಗಿತ್ತಲ್ಲ?”

ಬಾಯಲ್ಲಿ ಹಾಗಂದೆನಷ್ಟೆ. ಅವನನ್ನು ಒಯ್ದುಬಿಟ್ಟರೆ ಈ ಮನೆಯಲ್ಲಿ ನಾನು ಗೋಡೆ ನೋಡಿಕೊಂಡು ಕೂರಬೇಕಿತ್ತು. ಮಗಳು ಕೆಟ್ಟವಳಲ್ಲ. ಆದರೆ ಅವಳು ಹೇಳಿದ್ದನ್ನು ಮಾಡುವವಳು. ಆ ಹಟ ನನ್ನಿಂದಲೇ ಬಂದದ್ದು.

ಕಾಪಾಡಿದ್ದು ಅಂಗಳದಲ್ಲಿ ಬಿದ್ದಿದ್ದ ಸ್ಕೂಟರು. ಚಳಿಗಾಲವೆಲ್ಲ ನಿಂತಲ್ಲೇ ನಿಂತು, ಹಳೆಯ ಪೆಟ್ರೋಲು ಕಾರ್ಬೊರೇಟರಿನೊಳಗೆ ಅಂಟಂಟಾಗಿ ಒಣಗಿಹೋಗಿತ್ತು. ಒಂದು ಮಧ್ಯಾಹ್ನ ನೇದೊ ಬಾಗಿಲ ಕಡೆ ಹೊರಟವನು ಅದನ್ನು ನೋಡಿ, ಕಿಕ್ ಹೊಡೆದು, ತಲೆ ಅಲ್ಲಾಡಿಸಿ ಅಲ್ಲೇ ಕುಳಿತ. ನಾನು ಬಡಿಸಿದ್ದು ಮಧ್ಯಾಹ್ನದ ಊಟವೋ ರಾತ್ರಿಯದೋ ತಿಳಿಯದ ಮನುಷ್ಯ, ಒಂದು ತಿರುಪೂ ಅದಲುಬದಲಾಗದಂತೆ ಎಲ್ಲವನ್ನೂ ಬಿಚ್ಚಿಟ್ಟ. ಕಾರ್ಬೊರೇಟರಿನ ಬಟ್ಟಲನ್ನು ಪೆಟ್ರೋಲಿನಲ್ಲಿ ತೊಳೆದ. ಜೆಟ್ಟನ್ನು ತುಟಿಗಿಟ್ಟು ಊದಿ, ಬೆಳಕಿಗೆ ಹಿಡಿದು, ಪೊರಕೆಯಿಂದ ಒಂದು ಕಡ್ಡಿ ಕಿತ್ತು ನಿಧಾನವಾಗಿ ತೂರಿಸಿದ.

“ತಂತಿ ಹಾಕ್ಬಾರ್ದು, ಲೋರಿ. ತಂತಿ ಹಾಕಿದ್ರೆ ತೂತು ದೊಡ್ಡದಾಗುತ್ತೆ. ತಂತಿ ಹಾಕೋನು ಮೆಕ್ಯಾನಿಕ್ ಅಲ್ಲ, ಕಟುಕ.” ಲೊರಿಯಾನಾ ಎಂಬ ನನ್ನ ಹೆಸರು ಅವನ ಬಾಯಲ್ಲಿ ಲೋರಿ.

ಸಂಜೆಗೆ ಸ್ಕೂಟರು ಗುಡುಗುಡು ಎಂದಿತು. ಅವನು ಕೈ ತೊಳೆದುಕೊಂಡು ಉಂಡು, ಮಗುವಿನ ಹಾಗೆ ಮಲಗಿದ. ಮರುದಿನ ರಿಪೇರಿಯಾದ ಸ್ಕೂಟರಿನ ಮುಂದೆ ಅವನಿಗೆ ಮಾಡಲು ಏನೂ ಇರಲಿಲ್ಲ. ಮತ್ತೆ ಬಾಗಿಲ ಚಿಲಕಕ್ಕೆ ಕೈ ಹಾಕಿದ. ಆಗಲೇ ನನಗೆ ಅಡುಗೆಮನೆಯ ಹಿಟ್ಟು ನೆನಪಾದದ್ದು.

ಅಂದಿನಿಂದ ದಿನವೂ ಅವನು ಬಿಚ್ಚುತ್ತಿದ್ದ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ತಿರುಪುಗಳ ತಟ್ಟೆ ಹಿಡಿಯುತ್ತಿದ್ದೆ. ನಿನ್ನೆ ಮಾಡಿದ್ದು ಅವನಿಗೆ ನೆನಪಿರುವುದಿಲ್ಲ ಎಂದು ನಾನು ನಂಬಿದ್ದೆ. ಗುಟ್ಟು ದೊನೆಲ್ಲಾಗೆ ಗೊತ್ತಾದಾಗ ಅವಳ ಹುಬ್ಬು ಗಂಟಿಕ್ಕಿತು.

“ಅಪ್ಪಂಗೆ ಮೋಸ ಮಾಡ್ತಿದೀಯಲ್ಲಮ್ಮ.”

“ನಿಮ್ಮ ಡಾಕ್ಟರ್ ಕೊಡೋ ಗುಳಿಗೆಗಿಂತ ಇದೇ ವಾಸಿ. ಮಿಕ್ಕಿದ್ರಲ್ಲಿ ತೊರ್ತಾನೂ ಆಗುತ್ತೆ.”

ಅವಳಿಗೆ ಹೇಳದ ಒಂದು ಮಾತಿತ್ತು. ಮದುವೆಯಾದಾಗಿನಿಂದ ಅವನು ಗ್ಯಾರೇಜಿನಲ್ಲಿ, ನಾನು ಮಾರುಕಟ್ಟೆಯ ಮೀನಿನಂಗಡಿಯಲ್ಲಿ. ಒಬ್ಬರ ಪಕ್ಕ ಒಬ್ಬರು ಹೀಗೆ ಇಡೀ ಮಧ್ಯಾಹ್ನ ಕೂತದ್ದೇ ಇಲ್ಲ. ಅವನು ಇಲ್ಲದ ಗಿರಾಕಿಗಳನ್ನು ಬೈಯುತ್ತಿದ್ದ, ನಾನು ಅವನನ್ನು ಬೈಯುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ನನಗೆ ಅದು ಸುಖವಾಗಿತ್ತು. ಕಾಯಿಲೆಯ ಗಂಡನನ್ನು ಇಟ್ಟುಕೊಂಡು ಸುಖ ಎನ್ನಲು ಸಂಕೋಚ, ಆದರೂ ಅದು ನಿಜ.

ಮೇ ತಿಂಗಳ ಒಂದು ಮಧ್ಯಾಹ್ನ, ಸಮುದ್ರದ ಗಾಳಿ ಜೋರಾಗಿತ್ತು. ನಾನು ಎಂದಿನಂತೆ ಹೋಗಿ ಕೂತೆ. ನೇದೊ ತಲೆಯೆತ್ತಿ ನನ್ನನ್ನು ನೋಡಿದ.

“ಕೂತ್ಕೊಳ್ಳಿ, ಸಿನ್ಯೋರಾ. ಇದೊಂದು ಮುಗಿಸಿ ನಿಮ್ಮ ಗಾಡಿ ನೋಡ್ತೀನಿ.”

ಗುರುತಿಲ್ಲದ ಹೆಂಗಸಿಗೆ ಅನ್ನುವ ಹಾಗೆ ನನ್ನನ್ನು ಸಿನ್ಯೋರಾ ಎಂದಿದ್ದ. ತಮಾಷೆ ಇರಬೇಕು ಎಂದುಕೊಂಡೆ. ದೊನೆಲ್ಲಾಳನ್ನು ಅವನು ತನ್ನ ತಂಗಿ ಎಂದು ಕರೆದದ್ದುಂಟು, ಅಳಿಯನಿಗೆ ಟಪಾಲಿನವನೇ ಎಂದದ್ದುಂಟು. ನನ್ನನ್ನು ಮಾತ್ರ ಎಂದೂ ಮರೆತಿರಲಿಲ್ಲ. ಅವನ ಕಣ್ಣುಗಳಲ್ಲಿ ತಮಾಷೆ ಇರಲಿಲ್ಲ. ಅಂಗಡಿಗೆ ಬಂದ ಹೊಸಬರಿಗೆ ತೋರಿಸುವ ಮರ್ಯಾದೆ ಇತ್ತು.

ಅವನು ಜೆಟ್ಟನ್ನು ತೆಗೆದು ಊದಿದ. ನಾಲಿಗೆಯ ತುದಿಗೆ ಒಂದು ಚೂರು ತಾಗಿಸಿಕೊಂಡ.

“ನೋಡಿದ್ರಾ? ಕಡಲೆ ಹಿಟ್ಟು.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ತಟ್ಟೆಯ ತಿರುಪುಗಳನ್ನು ಸುಮ್ಮಸುಮ್ಮನೆ ಎಣಿಸತೊಡಗಿದೆ.

“ಪೆಟ್ರೋಲ್ ಬಂಕಿನೋರು ಬೆರೆಸಿರ್ಬೇಕು,” ಎಂದೆ.

ಅವನು ನಕ್ಕ. “ಪೆಟ್ರೋಲಿನ ಕೊಳೆ ಕಪ್ಪಗಿರುತ್ತೆ, ಸಿನ್ಯೋರಾ. ಇದು ನನ್ನ ಹೆಂಡ್ತಿ ಕೆಲಸ. ದಿನಾ ಬೆಳಿಗ್ಗೆ ತುಂಬಿಡ್ತಾಳೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ, ಪಾಪ.”

“ಗೊತ್ತಿದ್ರೆ ಯಾಕೆ ಕೇಳ್ಲಿಲ್ಲ?”

“ಹೇಗ್ ಕೇಳ್ಲಿ? ನಾನು ಎಲ್ಲೋ ದಾರಿ ತಪ್ಪಿ ಹೋಗ್ತೀನಿ ಅಂತ ಅವಳಿಗೆ ಭಯ. ಒಂದ್ಸಲ ಹೋಗಿದ್ದೆನಂತೆ. ಇದು ಕೆಟ್ಟಿದ್ರೆ ನಾನು ಇಲ್ಲೇ ಇರ್ತೀನಿ, ಅವಳೂ ಬಂದು ಪಕ್ಕದಲ್ಲಿ ಕೂತ್ಕೋತಾಳೆ. ಕೇಳಿಬಿಟ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾಳೆ. ಆಮೇಲೆ ಬಂದು ಕೂರೋರು ಯಾರು?” ದನಿ ತಗ್ಗಿಸಿದ. “ನೀವೂ ಅವಳಿಗೆ ಹೇಳ್ಬೇಡಿ.”

“ಹೇಳಲ್ಲ,” ಎಂದೆ. ಆದರೆ ತಡೆಯಲಾಗಲಿಲ್ಲ. “ನೇದೊ, ನಾನೇ ಲೊರಿಯಾನಾ. ನನ್ನ ನೋಡು.”

ಅವನು ನೋಡಿದ, ಬೇಕಾದಷ್ಟು ಹೊತ್ತು ನೋಡಿದ. ಆಮೇಲೆ ನನಗೆ ನೋವಾಗಬಾರದೆಂದು ಮೆಲ್ಲಗೆ ಹೇಳಿದ. “ನೀವು ತುಂಬಾ ಶಾಂತವಾಗಿದೀರಿ, ಸಿನ್ಯೋರಾ. ನನ್ನ ಲೋರಿ ಆಗಿದ್ರೆ ಇಷ್ಟು ಹೊತ್ತಿಗೆ ನಾಲ್ಕು ಬೈದಿರ್ತಿದ್ಲು.”

ಮೀನಿನಂಗಡಿಯಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಅವನನ್ನು ಬೈಯಬೇಕು, ಕತ್ತೆ ಎನ್ನಬೇಕು, ಮುದಿ ಗೂಬೆ ಎನ್ನಬೇಕು ಎಂದು ಬಾಯಿ ತೆರೆದೆ. ಒಂದೇ ಒಂದು ಬೈಗುಳ ಹೊರಗೆ ಬರಲಿಲ್ಲ.

ಅವನು ಕಡ್ಡಿ ತೂರಿಸಿ ಜೆಟ್ಟನ್ನು ಚೊಕ್ಕ ಮಾಡಿ, ಪೆಟ್ರೋಲಿನಲ್ಲಿ ಅದ್ದಿ, ಬಟ್ಟೆಯ ಮೇಲೆ ಇಟ್ಟ. ಉಳಿದದ್ದನ್ನು ಜೋಡಿಸಲಿಲ್ಲ.

“ಸಿನ್ಯೋರಾ, ತಪ್ಪು ತಿಳ್ಕೋಬೇಡಿ. ಅದು ಅವಳ ಕುರ್ಚಿ. ಈಗ ಬರೋ ಹೊತ್ತಾಯ್ತು.”

ನಾನು ಎದ್ದೆ. ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ, ಏಪ್ರನ್ ಕಟ್ಟಿಕೊಂಡೆ, ತಟ್ಟೆ ಹಿಡಿದು ದಿನಾ ಬರುವ ಹಾಗೆಯೇ ಮತ್ತೆ ಬಂದು ಬಾಗಿಲಲ್ಲಿ ನಿಂತೆ. ನೇದೊ ಇತ್ತ ಕಡೆಯೇ ನೋಡುತ್ತಿದ್ದ. ಅವನ ಮುಖ ಅರಳಿತ್ತು, ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದ.

“ಸ್ವಲ್ಪ ಪಕ್ಕಕ್ಕೆ ನಿಲ್ತೀರಾ, ಸಿನ್ಯೋರಾ,” ಎಂದ. “ನೀವು ಅಡ್ಡ ನಿಂತ್ರೆ ಅವಳು ಬರೋದು ಕಾಣಲ್ಲ.”

ನಾನು ಪಕ್ಕಕ್ಕೆ ಸರಿದು ನಿಂತೆ.