ಕೆಂಪು ಶಾಲಿನ ಕೆಳಗೆ

ಜಿನಾಯಿದಾ ಮೂರನೆಯ ಫೋಟೋವನ್ನೂ ಒಲೆಗೆ ಹಾಕುವಷ್ಟರಲ್ಲಿ ಯೆಫೀಮ ಬಂದು ಅವಳ ಕೈ ಹಿಡಿದ. ಪಕ್ಕದ ಕೋಣೆಯಲ್ಲಿ, ಎದೆನೋವಿನಿಂದ ತೀರಿಕೊಂಡ ಅವಳ ಗಂಡ, ಫೋಟೋಗ್ರಾಫರ್ ಪ್ರೊಕೋಪಿ, ಶವಪೆಟ್ಟಿಗೆಯಲ್ಲಿ ಮಲಗಿದ್ದ. ಬೈಕಾಲ್ ಸರೋವರದ ದಡದ ಆ ಊರಿನಲ್ಲಿ ಅವನಿಗೆ ಇದ್ದ ಒಬ್ಬನೇ ಗೆಳೆಯನೆಂದರೆ ಈ ಬೆಸ್ತ ಯೆಫೀಮ.

“ತಲೆ ಕೆಟ್ಟಿದೆಯಾ ಅತ್ತಿಗೆ? ನಲವತ್ತು ಚಳಿಗಾಲದ ದುಡಿಮೆ ಅದು.”

“ನನ್ನ ದುಡಿಮೆಯೂ ಇದೆಯಪ್ಪ. ಹೆಪ್ಪುಗಟ್ಟಿದ ನೀರಿನ ಮೇಲೆ ಗೂಟದ ಹಾಗೆ ನಿಂತೋಳು ಯಾರು? ಸರೋವರ ಎಷ್ಟು ದೊಡ್ಡದು ಅಂತ ನೋಡೋರಿಗೆ ಗೊತ್ತಾಗಲಿ ಅಂತ ನಿಲ್ಲಿಸ್ತಿದ್ದ. ಒಂದರಲ್ಲಾದರೂ ನನ್ನ ಮುಖ ಇದೆಯಾ ನೋಡು.”

ಅವಳು ಹೇಳಿದ್ದು ಸುಳ್ಳಲ್ಲ. ನೀಲಿ ಮಂಜುಗಡ್ಡೆ, ಬಿಳಿ ಬಿರುಕುಗಳು, ಆಚೆ ದಡದ ಬೆಟ್ಟ. ಅದರ ನಡುವೆ ಸಾಸಿವೆ ಕಾಳಿನಷ್ಟು ಕೆಂಪು. ಅದು ಜಿನಾಯಿದಾಳ ಶಾಲು.

“ಈ ಸಲ ಅದೂ ಬೇಡವಾಯ್ತು. ನೀನು ಮನೇಲಿರು ಅಂತ ಒಬ್ಬನೇ ಹೋದ.” ಕೊನೆಯ ಫೋಟೋವನ್ನು ಅವನ ಮುಂದೆ ತಳ್ಳಿದಳು. ಬರೀ ಮಂಜುಗಡ್ಡೆ. “ನಿಜ ಹೇಳು. ನಾನು ಅವನಿಗೆ ಹೆಂಡತಿಯಾಗಿದ್ದೆನೋ, ಗೂಟವೋ?”

*

ಮದುವೆಯಾದ ಮೊದಲ ಚಳಿಗಾಲ. ಪ್ರೊಕೋಪಿ ಅವಳನ್ನು ದಡದಲ್ಲೇ ಕೂರಿಸಿ, ಹಾರೆ ಹಿಡಿದು ಹೋದವನು ಒಂದು ಗಂಟೆ ಅಲ್ಲಿ ಇಲ್ಲಿ ಕುಟ್ಟುತ್ತಲೇ ಇದ್ದ.

“ಬರಲೋ ಬೇಡವೋ? ಕಾಲು ಮರಗಟ್ಟಿತು.”

“ತಾಳೇ, ಜಾಗ ಹುಡುಕ್ತಿದೀನಿ.”

ಕೊನೆಗೆ ಕರೆದು ನಿಲ್ಲಿಸಿದ.

“ನಗಲಾ?”

“ಮುಖ ಕಾಣಲ್ಲ. ಸುಮ್ಮನೆ ನಿಲ್ಲು.”

“ಹಾಗಾದ್ರೆ ಒಂದು ಗೂಟ ನೆಟ್ಟಿದ್ರೆ ಸಾಕಿತ್ತು.”

“ಗೂಟ ಬೈಯಲ್ವಲ್ಲ. ನನಗೆ ಬೇಜಾರಾಗುತ್ತೆ.”

ಆಮೇಲೆ ಇಬ್ಬರೂ ಜಾರುಬಂಡಿಯ ಮೇಲೆ ಕೂತು ಹೊಗೆಯಲ್ಲಿ ಬೇಯಿಸಿದ ಮೀನು ತಿಂದರು. ಅವಳ ಕೈಗಳನ್ನು ಅವನು ತನ್ನ ಕುರಿಚರ್ಮದ ಕೋಟಿನೊಳಗೆ ಎಳೆದುಕೊಂಡ. ಎಂಥ ಬಿಸಿ ಮೈ ಅವನದು! ಆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಐವತ್ತೆರಡು ಎಂದು ಬರೆದಿತ್ತು. ಕ್ಯಾಮೆರಾದ ಲೆಕ್ಕವಿರಬೇಕೆಂದು ಅವಳು ಕೇಳಲೇ ಇಲ್ಲ.

*

ಯೆಫೀಮ ಫೋಟೋಗಳನ್ನು ಒಂದೊಂದಾಗಿ ಮಗುಚಿದ. ನಲವತ್ತೇಳು. ಅರವತ್ತು. ಐವತ್ತೆರಡು.

“ಇದು ಕ್ಯಾಮೆರಾದ್ದು ಅಂತ ಯಾರು ಹೇಳಿದ್ದು? ಮಂಜುಗಡ್ಡೆಯ ದಪ್ಪ ಅತ್ತಿಗೆ, ಸೆಂಟಿಮೀಟರಲ್ಲಿ. ನೀವು ನಿಲ್ಲೋ ಜಾಗದಲ್ಲಿ ತೂತು ಕೊರೆದು ಅಳೀತಿದ್ದ. ಹತ್ತು ಇದ್ರೆ ನಾವು ಬಲೆ ಹೊತ್ತು ನಡೀತೀವಿ. ಇವನಿಗೆ ನಲವತ್ತಾದ್ರೂ ಬೇಕು. ಹೆಂಡತಿ ಗುಲಾಮ ಅಂತ ಊರೆಲ್ಲ ಆಡ್ಕೋತಿದ್ವಿ.”

ಜಿನಾಯಿದಾ ಕೊನೆಯ ಫೋಟೋವನ್ನು ತಾನೇ ತಿರುಗಿಸಿದಳು. ಒಂಬತ್ತು.

“ಒಂಬತ್ತರ ಮೇಲೆ ಇವನು ಹೇಗೆ ಹೋದ?”

“ನಿಮ್ಮನ್ನ ನಿಲ್ಲಿಸೋಕೆ ಅಂತ ಮೊದಲೇ ಹೋಗಿ ಅಳೆದಿದ್ದ, ಒಂಬತ್ತೇ ಸಿಕ್ತು. ತನಗಾದ್ರೆ ಎಷ್ಟಿದ್ರೂ ಸಾಕು ಅವನಿಗೆ.”

“ಕತ್ತೆ,” ಎಂದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅತ್ತಳು.

ಮರುದಿನ ಗುಡ್ಡದ ಮೇಲಿನ ಸ್ಮಶಾನಕ್ಕೆ ಒಯ್ದರು. ಅಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಎರಡು ದಿನ ಬೆಂಕಿ ಉರಿಸಿ, ನೆಲ ಮೆತ್ತಗಾದ ಮೇಲೆ ತೋಡಿದ್ದರು. ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯಲು ಹೊರಟಾಗ ಜಿನಾಯಿದಾ ತಡೆದಳು.

“ಎಷ್ಟು ಆಳ ತೋಡಿದ್ದೀಯ?” ಎಂದು ಗುಂಡಿ ತೋಡಿದವನನ್ನು ಕೇಳಿದಳು.

“ಎರಡು ಮೀಟರ್ ಇರಬಹುದಮ್ಮ.”

“ಇರಬಹುದು ಅಂದ್ರೆ? ಅಳಿ.”

ಪ್ರೊಕೋಪಿಯ ಉದ್ದನೆಯ ಅಳತೆ ಕೋಲನ್ನು ಅವಳು ಮನೆಯಿಂದಲೇ ತಂದಿದ್ದಳು. ಯಾವ ಹೆಣಕ್ಕೂ ಅಳೆದದ್ದಿಲ್ಲವೆಂದು ಗೊಣಗುತ್ತ ಅವನು ಕೋಲು ಇಳಿಸಿದ.

“ನೂರಾ ತೊಂಬತ್ತಾರು.”

ಅವಳು ಕೊನೆಯ ಫೋಟೋ ಹೊರತೆಗೆದು, ಒಂಬತ್ತರ ಕೆಳಗೆ ಪೆನ್ಸಿಲಿನಲ್ಲಿ ನೂರಾ ತೊಂಬತ್ತಾರು ಎಂದು ಬರೆದು, ಗಂಡನ ಕೋಟಿನ ಜೇಬಿಗೆ ಇಟ್ಟಳು. ಜೇಬಿನ ಗುಂಡಿ ಹಾಕಿದಳು.

“ಈಗ ಮುಚ್ಚಿ ಇಳಿಸಿ,” ಎಂದಳು.